ಒಂಬತ್ತನೇ ರೂಮಿನವರ ಗ್ಲೌಸ್

ಎಲೆ ಉದುರುವ ಕಾಲ, ಮಹಾನವಮಿಯ ಬೆಳಗ್ಗೆ ಆರು ಗಂಟೆ. ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ತಮ್ಮ ಮೋಟೆಲಿನಲ್ಲಿ ಸುಗಂಧಿ ಆಯುಧಪೂಜೆಗೆ ಹಲಗೆ ಹಾಕಿ, ವ್ಯಾಕ್ಯೂಮ್ ಕ್ಲೀನರ್, ಸ್ಪ್ಯಾನರ್, ವ್ಯಾನಿನ ಕೀ ಎಲ್ಲ ಜೋಡಿಸಿ ಕುಂಕುಮ ಹಚ್ಚಿದಳು. ಕೊನೆಗೆ ಇಡಬೇಕಾದ ಬೇಸ್‌ಬಾಲ್ ಗ್ಲೌಸ್ ಮಾತ್ರ ಬೀರುವಿನಲ್ಲಿ ಇರಲಿಲ್ಲ.

ಅದು ವಾಲ್ಟರ್ ಅವರದು. ಒಂಬತ್ತನೇ ರೂಮಿನಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದ ಕಪ್ಪು ಮುದುಕ. ಪ್ರಾಯದಲ್ಲಿ ಚೆಂಡೆಸೆಯಲು ನಿಂತರೆ ಎದುರಿನವರ ಬ್ಯಾಟು ಬರೀ ಗಾಳಿಗೆ ಬೀಸುತ್ತಿತ್ತಂತೆ. ಆದರೆ ಆಗ ದೊಡ್ಡ ಲೀಗಿನಲ್ಲಿ ಬಿಳಿಯರಿಗೆ ಮಾತ್ರ ಜಾಗ. ಇವರು ಬಸ್ಸಿನಲ್ಲೇ ಮಲಗಿ, ಊರೂರು ತಿರುಗಿ, ತಮ್ಮವರ ತಂಡಗಳಲ್ಲಿ ಆಡಿದರು. ಸುಗಂಧಿ ಚಾದರ ಬದಲಿಸುವಾಗ ಒಂದೊಂದೇ ಆಟ ಹೇಳುತ್ತಿದ್ದರು. ಒಂದು ನವಮಿಯ ದಿನ ಅವಳು ಸ್ಪ್ಯಾನರಿಗೆ ಹೂವಿಡುವುದನ್ನು ನೋಡುತ್ತ ನಿಂತವರು, ಒಳಗೆ ಹೋಗಿ ಗ್ಲೌಸ್ ತಂದು ಹಲಗೆಯ ಮೇಲಿಟ್ಟರು. ಅವರು ತೀರಿಕೊಂಡ ಮೇಲೂ ಆ ಪೂಜೆ ಒಂದು ವರ್ಷವೂ ತಪ್ಪಿರಲಿಲ್ಲ.

ಹುಡುಕುತ್ತ ಲಾಬಿಗೆ ಬಂದಳು. ಮಗ ಮುಕುಂದ್ ವಾರದ ಹಿಂದಷ್ಟೇ ಗೋಡೆಗೆ ಬೇಸ್‌ಬಾಲ್ ಇತಿಹಾಸದ ಹತ್ತು ಮಹಾನ್ ಆಟಗಾರರ ಪಟ ಹಾಕಿಸಿದ್ದ. ವಾಲ್ಟರ್ ಅವರದ್ದೂ ಹಾಕು ಎಂದು ಅವಳು ಮೂರು ಸಲ ಕೇಳಿದ್ದಳು. ಮೂರು ಸಲವೂ ನೋಡೋಣ ಎಂದಿದ್ದ. ಈಗ, ವಾಲ್ಟರ್ ಅವರಿಗೆ ಬಾಗಿಲು ಮುಚ್ಚಿದ್ದ ಕಾಲದ ಒಬ್ಬ ಬಿಳಿಯ ಹೊಡೆತಗಾರನ ಪಟದ ಕೆಳಗೆ ಗಾಜಿನ ಪೆಟ್ಟಿಗೆ. ಅದರೊಳಗೆ ಆ ಗ್ಲೌಸ್. ವರ್ಷಗಳ ಕುಂಕುಮವನ್ನು ಉಜ್ಜಿ ತೆಗೆಯಲಾಗಿತ್ತು. ಯಾರದೆಂದು ಹೆಸರಿಲ್ಲ.

ಸುಗಂಧಿಯ ಕಿವಿ ಬಿಸಿಯಾಯಿತು. ಪೆಟ್ಟಿಗೆ ತೆಗೆ ಎಂದಳು.

ಬೇಸ್‌ಬಾಲಿನ ಪ್ಲೇಆಫ್ ಪಂದ್ಯಗಳು ಮುಗಿಯಲಿ, ಗೆಸ್ಟ್‌ಗಳು ಫೋಟೋ ತೆಗೆದುಕೊಳ್ಳುತ್ತಾರೆ ಎಂದ ಮುಕುಂದ್. ಹಾಗಾದರೆ ಅವರ ಪಟವನ್ನೂ ಹಾಕು ಎಂದದ್ದಕ್ಕೆ ನಕ್ಕುಬಿಟ್ಟ. "ಅಮ್ಮ, ನೋಬಡಿ ನೋಸ್ ಹಿಮ್. ಗೂಗಲ್ ಮಾಡಿದ್ರೆ ಒಂದು ಲೈನೂ ಬರುದಿಲ್ಲ."

"ಆಡ್ಲಿಕ್ಕೇ ಬಿಡ್ಲಿಲ್ಲ, ಮತ್ತೆ ಬರಿಯುದು ಯಾರು? ಅವರ ಗ್ಲೌಸ್ ಬೇಕು ನಿಂಗೆ, ಅವರು ಬೇಡ."

ಅವನು ಫೋನ್ ನೋಡತೊಡಗಿದ. ಅವಳು ಹೋಗಿ ಹಲಗೆಯ ಮೇಲಿನ ಸ್ಪ್ಯಾನರ್ ತಂದು ಗಾಜಿಗೆ ಒಂದೇ ಏಟು ಕೊಟ್ಟಳು. ಕಾಫಿ ಕುಡಿಯುತ್ತಿದ್ದ ಗೆಸ್ಟ್‌ಗಳು ಎದ್ದು ನಿಂತರು.

ಮುಕುಂದ್ ಕೂಗಾಡಿದ. ಲಾಬಿ ತನ್ನದು, ನಾಳಿದ್ದು ಹೊಸ ಪೆಟ್ಟಿಗೆ ಬರುತ್ತದೆ, ಗ್ಲೌಸ್ ಅಲ್ಲಿಗೇ ಹೋಗುತ್ತದೆ ಎಂದ. ಅವಳು ಚೂರು ಕೊಡವಿ, ಗ್ಲೌಸಿಗೆ ಹೊಸ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಳು. ಆರತಿ ಮುಗಿಸಿ, ಮಾರಿಸ್‌ಟೌನ್‌ನಲ್ಲಿರುವ ಮಗಳು ತಾರಿಣಿಗೆ ಕಾರು ತರಲು ಫೋನ್ ಮಾಡಿದಳು.

ಗ್ಲೌಸನ್ನು ಮಡಿಲಲ್ಲಿಟ್ಟುಕೊಂಡು ಸುಗಂಧಿ ಮೋಟೆಲ್ ಬಿಟ್ಟು ಹೊರಟದ್ದು ಮಾರನೆಯ ದಿನ, ವಿಜಯದಶಮಿಯ ಗುರುವಾರ.