ಮಚ್ಚೆಯ ಮೂರು ಅಂಕ

ರೇಸು ಮೈದಾನದ ಎದುರಿನ ಬುಕ್ಕಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕುದುರೆಗಳಿಗೆ ಬಾಜಿಯ ದರ ಕಟ್ಟುತ್ತಿದ್ದವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಕುದುರೆಯ ಹಿಂದಿನ ಓಟ, ಹೊತ್ತ ತೂಕ, ನೆಲದ ಹಸಿ ಎಲ್ಲ ನೋಡಿ ಅವನು ಅಂಕ ಹಾಕುತ್ತಿದ್ದ. ಆಮೇಲೆ ಆ ಅಂಕಗಳನ್ನು ಮುಂದಿಟ್ಟುಕೊಂಡು, ಇವೇ ಎಂಟು ಕುದುರೆ ಇದೇ ನೆಲದಲ್ಲಿ ನೂರು ಸಲ ಓಡಿದರೆ ಯಾವುದು ಎಷ್ಟು ಸಲ ಗೆದ್ದೀತು ಎಂದು ನೂರನ್ನು ಹಂಚುತ್ತಿದ್ದ. ಮನೆಮಂದಿಗೆ ಬಡಿಸುವಷ್ಟೇ ಜೋಪಾನದ ಕೆಲಸ ಅದು. ಒಬ್ಬರ ತಟ್ಟೆಗೆ ಹೆಚ್ಚು ಬಿದ್ದರೆ ಇನ್ನೊಬ್ಬರದು ತಗ್ಗಲೇಬೇಕು.

ಆ ಬೆಳಿಗ್ಗೆ ಮಚ್ಚೆ ಎಂಬ ಹೆಣ್ಣು ಕುದುರೆಯ ಪಾಲಿಗೆ ನಾಲ್ಕು ಬಿದ್ದಿತ್ತು. ನಾಲ್ಕು ಗೆಲುವಿಗೆ ತೊಂಬತ್ತಾರು ಸೋಲು, ಅಂದರೆ ಒಂದಕ್ಕೆ ಇಪ್ಪತ್ತನಾಲ್ಕು. ಅಂಗಡಿಯ ಪಾಲು ಕಳೆದು ಇಪ್ಪತ್ತೆರಡು. ಬೋರ್ಡಿಗೆ ಬರೆಯಲು ಏಳಬೇಕು, ಅಷ್ಟರಲ್ಲಿ ಭಾಮೈದ ಒಳಗೆ ಬಂದ. ಮಚ್ಚೆಯನ್ನು ಮರಿಯಿಂದ ಸಾಕಿದವನು. ಅಂಗಿಯ ತುಂಬ ಹುಲ್ಲಿನ ಚೂರು.

"ಭಾವ, ಒಂದಕ್ಕೆ ಇಪ್ಪತ್ತು ದಾಟಿದ್ರೆ ಗೆಲ್ಲೋ ಕುದುರೆ ಅಲ್ಲ ಅಂತ ಮಚ್ಚೇನ ಇವತ್ತೇ ಮಾರ್ತೀನಿ ಅಂದಿದಾರೆ ಲಾಯದ ಧಣಿ. ಅವಳನ್ನ ಗಾಡಿಗೆ ಕಟ್ಟೋಕೆ ಕಲ್ಲುಗಾಡಿಯವನು ಆಗ್ಲೇ ಬಂದು ಲಾಯದ ಬಾಗಿಲಲ್ಲಿ ಕೂತಿದಾನೆ."

"ನೀನು ನನ್ನ ಹೆಂಡತಿಯ ತಮ್ಮ. ಆ ಮಾತನ್ನ ನನ್ನ ಹತ್ತಿರ ಮಾತ್ರ ಆಡಬೇಡ."

ಭಾಮೈದ ಹಾಳೆಯ ಕಡೆ ಕತ್ತು ಚಾಚಿದ. "ಕೆಂಚನಿಗೆ ಐದು, ನಮ್ಮವಳಿಗೆ ನಾಲ್ಕಾ? ಹೋದ ತಿಂಗಳು ಒಂದೇ ತೂಕ ಹೊತ್ತು ಅವನನ್ನ ಎರಡು ಕುದುರೆಯುದ್ದ ಹಿಂದೆ ಹಾಕಿದ್ಳಲ್ಲ! ಯಾವ ಸಂತೆಯ ತಕ್ಕಡಿ ಸ್ವಾಮಿ ಇದು?"

"ಹೊರಗೆ ನಡಿ."

ಅವನೇನೋ ಹೋದ, ಮಾತು ಹೋಗಲಿಲ್ಲ. ತಕ್ಕಡಿ ಬೀರುವಿನಿಂದ ಹಳೆಯ ಹಾಳೆಗಳನ್ನು ತೆಗೆದ. ಎರಡು ವರ್ಷದ ಹಿಂದೆ ಮಚ್ಚೆ ಓಡಲು ಶುರುಮಾಡಿದ ದಿನದಿಂದ ಪ್ರತಿ ಹಾಳೆಯಲ್ಲೂ ಅವಳ ಹೆಸರಿನ ಮುಂದೆ ಅಂಕ, ಪಕ್ಕದಲ್ಲಿ ಸಣ್ಣಗೆ 'ಮೂರು ಕಡಿತ'. ಕಾರಣ ಮಾತ್ರ ಎಲ್ಲೂ ಇಲ್ಲ. ಹೆಂಡತಿಯ ಕಡೆಯವರೆಂದು ಕೈ ಸಡಿಲ ಬಿಟ್ಟ ಎನ್ನುವ ಮಾತು ಬರಬಾರದೆಂದು ಮೊದಲ ಸಲ ಬೇಕೆಂದೇ ಕಳೆದಿದ್ದ. ಆಮೇಲೆ ಅದು ಕೈಗೆ ರೂಢಿಯಾಗಿ ಹೋಗಿತ್ತು. ಕುದುರೆಯ ಕಾಲಲ್ಲಿ ಇಲ್ಲದ ಐಬನ್ನು ತನ್ನ ಪೆನ್ಸಿಲ್ಲೇ ಹುಟ್ಟಿಸಿತ್ತು.

ಇವತ್ತೇ ತಿದ್ದಿದರೆ ಜನ ಏನೆಂದಾರು ಎಂಬ ಯೋಚನೆ ಬಂತು. ಆ ಮೂರು ಅಂಕ ನುಂಗಿದ್ದೂ ಇದೇ ಯೋಚನೆಯಲ್ಲವೇ ಎನ್ನಿಸಿತು. ಕಳೆದಿದ್ದ ಅಂಕ ಮರಳಿಸಿ ನೂರನ್ನು ಮತ್ತೆ ಹಂಚಿದ. ಮುಂದಿದ್ದ ಎರಡು ಕುದುರೆಗಳಿಂದ ಒಂದೊಂದು ಗೆಲುವು ಇಳಿದು ಮಚ್ಚೆಗೆ ಆರಾಯಿತು. ಅಂಗಡಿಯ ಪಾಲು ಕಳೆದು ಒಂದಕ್ಕೆ ಹದಿನಾಲ್ಕು.

ಅಂಗಡಿಯ ಯಜಮಾನ ಹಾಳೆ ನೋಡಿ ಹುಬ್ಬೇರಿಸಿದ. "ಭಾಮೈದ ಈಗ ತಾನೇ ಬಂದು ಹೋದ ಹಾಗಿತ್ತು?"

ತಕ್ಕಡಿ ಎರಡು ವರ್ಷದ ಹಾಳೆಗಳನ್ನು ಅವನ ಮುಂದಿಟ್ಟ. ಯಜಮಾನ ಒಂದೊಂದರ ಮೇಲೂ ಬೆರಳಾಡಿಸಿದ. ಕೊನೆಗೆ, "ಅವತ್ತು ಕೊಯ್ಯದೆ ಇದ್ದಿದ್ರೆ ಇವತ್ತು ಹೊಲಿಯೋ ಕೆಲಸ ಇರ್ತಿರಲಿಲ್ಲ. ಹೋಗು, ಬರಿ" ಎಂದ.

ಬೋರ್ಡಿನ ಮೇಲೆ ಹದಿನಾಲ್ಕು ಕಂಡದ್ದೇ ಭಾಮೈದನ ಕಣ್ಣು ತುಂಬಿತು. "ಭಾವ, ಈ ಉಪಕಾರ..."

"ಉಪಕಾರ ಅಲ್ಲವೋ. ನನ್ನದೇ ತಪ್ಪಿತ್ತು, ತಿದ್ದಿದೆ ಅಷ್ಟೆ."

ಭಾಮೈದ ಆಚೀಚೆ ನೋಡಿದ, ದನಿ ತಗ್ಗಿಸಿದ. "ಆಯ್ತು ಭಾವ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳೋಣ" ಎಂದು ಕಣ್ಣು ಮಿಟುಕಿಸಿ, ಕಲ್ಲುಗಾಡಿಯವನನ್ನು ಎಬ್ಬಿಸಲು ಲಾಯದ ಕಡೆ ಓಡಿದ.

ತಕ್ಕಡಿ ಸೀಮೆಸುಣ್ಣ ಹಿಡಿದು ಅಲ್ಲೇ ನಿಂತಿದ್ದ. ಕೂಗಿ ಕರೆದು ಹೇಳುವುದಾದರೂ ಏನನ್ನು?