ಕುಳ್ಳಿನೊಳಗಿನ ಬೀಜ

ತಿಥಿಯ ಕಾರ್ಯ ಮುಗಿದು ಕೊನೆಯ ನೆಂಟರೂ ಹಿಂದಿನ ಸಂಜೆ ಬಸ್ಸು ಹತ್ತಿದ್ದರು. ಎರಡು ಸಾವಿರನೆಯ ಇಸವಿಯ ಮೇ ತಿಂಗಳು. ಬೆಳಿಗ್ಗೆ ಆ ಮನೆಯಲ್ಲಿ ಎದ್ದವರು ಇಬ್ಬರೇ: ಶೀತಲ ಮತ್ತು ಅವಳ ಅತ್ತೆ ಭೀಮಕ್ಕ.

ಶೀತಲ ಕೊಡ ಹಿಡಿದು ಮಾಳಿಗೆ ಹತ್ತಿದಳು. ಶಾಲಾ ಮಾಸ್ತರನಾಗಿದ್ದ ಗಂಡ ಗಜಾನನ ಅಲ್ಲಿ ಎಣ್ಣೆ ಡಬ್ಬಿ, ಗೋಣಿಚೀಲ, ಅರ್ಧ ಕೊಯ್ದ ಡ್ರಮ್ಮುಗಳಲ್ಲಿ ಬದನೆ, ಮೆಣಸು, ಹೀರೆ, ರಾಜಗಿರಿ ಬೆಳೆದಿದ್ದ. ಯಾರಾದರೂ ನೀರು ಹಾಕಬೇಕಲ್ಲ. ಅವಳು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಎಲೆಯನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಿಡಿಸಬಲ್ಲಳು. ಬದನೆಗೆ ಒಂದು ತಂಬಿಗೆಯೋ ಎರಡೋ ತಿಳಿಯಲಿಲ್ಲ. ಒಂದು ಹಾಕಿ ನಿಂತಳು. ಇನ್ನೊಂದು ಹಾಕಿದಳು.

ಕೆಳಗೆ ಗೇಟಿನ ಬಳಿ ದೊಡ್ಡ ದನಿ ಎದ್ದಿತು.

"ಏ ಮಾಸ್ತರ! ಇನ್ನ ಎದ್ದಿಲ್ಲೇನ್ರಿ? ಬಿಸಲ ಬಂದು ಕುಂಡಿ ಸುಟ್ಟ ಮ್ಯಾಲೆ ಏಳಾವ್ರೇನು?"

ಶಿವಲಿಂಗವ್ವ. ಹಲಸಿಯ ಕಡೆಯಿಂದ ಖಾನಾಪುರದ ಮೇಲೆ ಹಾಯ್ದು, ವಾರಕ್ಕೊಮ್ಮೆ ತರಕಾರಿ ಬುಟ್ಟಿ ಹೊತ್ತು ಬರುವ ಮುದುಕಿ. ಯಾರು ಬೆಳೆದದ್ದೆಂದು ಗೊತ್ತಿಲ್ಲದ ಕಾಯಿಪಲ್ಲೆ ಗಜಾನನ ಮನೆಗೆ ತರುತ್ತಿರಲಿಲ್ಲ. ಮಾಳಿಗೆಯಲ್ಲಿ ಆಗದ್ದನ್ನು ಇವಳ ಕೈಯಿಂದಲೇ ಕೊಳ್ಳುತ್ತಿದ್ದ. ಮಗಳ ಬಾಣಂತನ ಅಂತ ಒಂದು ತಿಂಗಳು ಅವಳು ಈ ಕಡೆ ಬಂದಿರಲಿಲ್ಲ.

"ಅವರು ಇಲ್ರಿ," ಎಂದಳು ಶೀತಲ ಮೇಲಿನಿಂದ.

"ಇಷ್ಟ ಲಗೂನ ಎಲ್ಲಿ ಹೋದ್ರು?"

ಶೀತಲ ಕೊಡ ಕೆಳಗಿಟ್ಟಳು. ಭೀಮಕ್ಕನೇ ಹೊರಗೆ ಬಂದಳು. "ನನ್ನ ಮಗಾ ಹೋದನವ್ವ. ಮೂರ ದಿನದ ಜ್ವರಕ್ಕ. ಹದಿನೈದ ದಿನಾ ಆತು."

ಶಿವಲಿಂಗವ್ವ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಸಿದಳು. "ನಾ ಏನೇನರೆ ಅಂದ್ನೆಲ್ಲವ್ವ. ನನ್ನ ನಾಲಿಗಿಗೆ ಬೆಂಕಿ ಹಾಕ."

ಆಮೇಲೆ ಎದ್ದು ಹೊರಟವಳು ಮಾಳಿಗೆಯ ಕಡೆ ನೋಡುತ್ತ ನಿಂತಳು. ಅಷ್ಟರಲ್ಲಿ ಕೆಳಗಿಳಿದಿದ್ದ ಶೀತಲ, "ಏನರೆ ಹೇಳೂದಿತ್ತೇನ್ರಿ?" ಎಂದಳು.

"ಇವತ್ತ ಆಡೂ ಮಾತಲ್ಲ ಅದು."

"ಹೇಳ್ರಿ."

"ದೀಪಾವಳಿ ಮುಂದ ಮಾಸ್ತರ ನನ್ನ ಕಡಿಂದ ಒಂದ ಹಿಡಿ ಸವತಿ ಬೀಜ ಒಯ್ದಿದ್ರು. ಒಂದ ಹಿಡಿ ಒಯ್ದರ ಎರಡ ಹಿಡಿ ಕೊಡೂದು ನಮ್ಮ ಪದ್ಧತಿ. ನಮ್ಮತ್ತಿ ಕಾಲದ ಬೀಜ, ಬಿಳಿ ಸವತಿ. ಊರಾಗ ಈಗ ಎಲ್ಲಾರೂ ಪ್ಯಾಕೀಟ್ ಬೀಜ ಹಾಕ್ತಾರ, ಇದು ಯಾರ ಕಡೆನೂ ಇಲ್ಲ. ನಮ್ಮ ಮನ್ಯಾಗಿಂದನ್ನ ಇಲಿ ಒಂದೂ ಬಿಡದಂಗ ತಿಂದಾವು. ಮಾಸ್ತರ ಹೇಳಿದ್ರು, ಕಾಯಿ ಚೊಲೋ ಹಣ್ಣಾಗ್ಯಾವು, ನೀ ಹೇಳಿದಂಗ ಬೀಜ ಸಗಣ್ಯಾಗ ಕಲಸಿ ಕುಳ್ಳ ತಟ್ಟಿ ಇಟ್ಟೀನಿ ಅಂತ. ಇನ್ನ ಹದಿನೈದ ದಿನದಾಗ ಮಳಿ ಹಿಡೀತೈತಿ, ಅದಕ್ಕ ಬಂದಿದ್ನಿ."

ಭೀಮಕ್ಕ ನೀರೊಲೆಯ ಕಡೆ ತಿರುಗಿದಳು.

ಗಜಾನನ ಹೋದ ದಿನ ಮಾಳಿಗೆಯ ಕಟ್ಟೆಯ ಮೇಲೆ ಒಂಬತ್ತು ಕುಳ್ಳುಗಳು ಸಾಲಾಗಿ ಒಣಗಿದ್ದವು. ಮಣ್ಣಿಗೆ ಹೋಗಿ ಬಂದವರ ಸ್ನಾನಕ್ಕೆ ನೀರು ಕಾಯಿಸಬೇಕಿತ್ತು. ಇವು ಯಾಕೆ ಇಲ್ಲಿವೆ ಎಂದು ಭೀಮಕ್ಕ ಕೇಳಿದಾಗ, "ನಿಮಗಂತನ ತಟ್ಟಿರಬೇಕ್ರಿ" ಎಂದವಳು ಶೀತಲಳೇ. ಗ್ಯಾಸಿನ ನೀರಿಗೆ ಮೈ ಬೆಚ್ಚಗಾಗುವುದಿಲ್ಲ ಎಂದು ಅತ್ತೆ ದಿನಾ ಗೊಣಗುತ್ತಿದ್ದಳಲ್ಲ. ನನ್ನ ಮಗ ನನಗಾಗಿ ಕುಳ್ಳು ತಟ್ಟಿಟ್ಟು ಹೋಗಿದ್ದಾನೆ ಎಂದು ಬಂದವರಿಗೆಲ್ಲ ತೋರಿಸಿ ಅತ್ತು, ಭೀಮಕ್ಕ ಅವನ್ನು ಒಲೆಗೆ ಇಟ್ಟಿದ್ದಳು.

"ನಾವು ಕುರಿ ಕಾದ ಮಂದೀವ್ವ," ಎಂದಳು ಈಗ. "ಕುಳ್ಳ ಅಂದ್ರ ಒಲಿಗೆ ಅಂತ ಅಷ್ಟ ಗೊತ್ತು."

ಶಿವಲಿಂಗವ್ವನಿಗೆ ತಿಳಿಯಿತು. "ಆತ ಬಿಡ್ರಿ," ಎಂದಳು. "ಬೆಂಕ್ಯಾಗ ಹೋದದ್ದು ಹೋತು." ಎರಡು ಸಿವುಡು ಮೆಂತ್ಯೆ ಮೆಟ್ಟಿಲ ಮೇಲಿಟ್ಟು ಹೋದಳು.

ಅವನು ನನಗೆ ಹೇಳಿದ್ದನೆ? ಶೀತಲ ಅದನ್ನೇ ಹುಡುಕುತ್ತ ದಿನ ಕಳೆದಳು. ಒಂದು ಸಂಜೆ ಕೈಯೆಲ್ಲ ಸಗಣಿ ಮಾಡಿಕೊಂಡು ಕೆಳಗೆ ಬಂದಿದ್ದ, ಏನೋ ಹೇಳುತ್ತಿದ್ದ. ಅವಳು ಓದುತ್ತಿದ್ದಳು, ಹ್ಞೂಂ ಎಂದಿದ್ದಳು. ಯಾವ ಮಾತಿಗೆ ಹ್ಞೂಂ ಎಂದದ್ದು? ಹೇಳಿದ ಅಂತಲೂ ನೆನಪಾಗಲಿಲ್ಲ, ಹೇಳಲಿಲ್ಲ ಅಂತಲೂ ನೆನಪಾಗಲಿಲ್ಲ.

ವಾರದಲ್ಲಿ ಎರಡು ಅಡ್ಡಮಳೆ ಬಿದ್ದವು. ಒಂದು ಬೆಳಿಗ್ಗೆ ಭೀಮಕ್ಕ ಮಾಳಿಗೆಯಿಂದ ಕೂಗಿದಳು. "ಶೀತಲಾ! ಬಾ ಇಲ್ಲೆ! ಬಂದಾವ ನೋಡ!"

ಒಲೆಯ ಬೂದಿ, ಅರೆಬೆಂದ ಕುಳ್ಳಿನ ಚೂರು ಸುರಿದಿದ್ದ ಡ್ರಮ್ಮಿನಲ್ಲಿ ಏಳು ಸವತೆ ಸಸಿ ಎದ್ದಿದ್ದವು.

ಶೀತಲ ಬಗ್ಗಿ ನೋಡಿದಳು. ಕಾರ್ಯದ ದಿನ ಕೋಸಂಬರಿಗೆ ಪೇಟೆಯಿಂದ ತಂದ ಸವತೆಕಾಯಿ ಬಲಿತಿದ್ದವು. ಹೆಂಗಸರು ತಿರುಳು ಬೀಜ ಕೆರೆದು ಇದೇ ಡ್ರಮ್ಮಿಗೆ ಎಸೆದದ್ದನ್ನು ಅವಳು ಕಂಡಿದ್ದಳು. ಉಗುರಿನಿಂದ ಬುಡ ಕೆದಕಿದಳು. ಎಲ್ಲೆಲ್ಲೂ ಬೂದಿ. ಏಳಕ್ಕೂ ಒಂದೇ ತರಹದ ಎಲೆ. ಓದಿದ್ದು ಅದಕ್ಕಿಂತ ಮುಂದೆ ಏನನ್ನೂ ಹೇಳಲಿಲ್ಲ.

"ಕೋಸಂಬ್ರಿ ಸವತಿದೂ ಇರಬಹುದ್ರಿ, ಅತ್ತಿ."

"ಇದ್ರ ಇರಲಿ. ಒಯ್ದು ಕೊಡು. ಏನೂ ಹೇಳಬ್ಯಾಡ."

"ಆಕಿ ಅದನ್ನ ತಮ್ಮತ್ತಿ ಬೀಜ ಅಂತ ವರ್ಷಾ ವರ್ಷಾ ಹಾಕ್ತಾಳ್ರಿ."

"ಇಸ್ಕೊಂಡದ್ದು ಕೊಡಲಾರದ ಹೋದಾ ಅಂತ ನನ್ನ ಮಗನಿಗೆ ಯಾರೂ ಅನಬಾರದು, ಶೀತಲಾ. ಅಷ್ಟ ನಂದು."

ಶೀತಲ ಕೆಳಗಿಳಿದು ಕತ್ತರಿ ತಂದಳು. ಖಾಲಿ ಹಾಲಿನ ಪಾಕೀಟುಗಳ ಬಾಯಿ ಕತ್ತರಿಸಿ, ಮಣ್ಣಿನ ಸಮೇತ ಸಸಿಗಳನ್ನೆತ್ತಿ ಒಂದೊಂದರಲ್ಲಿ ಒಂದೊಂದು ಇಟ್ಟು ಬುಟ್ಟಿಗೆ ಜೋಡಿಸಿದಳು. ಹೇಳಬೇಕೋ ಬೇಡವೋ ಎಂಬುದು ಬಸ್ಸು ಹತ್ತಿದಾಗಲೂ ತೀರ್ಮಾನವಾಗಿರಲಿಲ್ಲ.

"ಏನ್ರಿ ಬಾಯಾರ, ತ್ವಾಟಾನ ಹತ್ತಿಸೀರಿ," ಎಂದ ಕಂಡಕ್ಟರ್. "ಇವುಕ್ಕ ಹಾಫ್ ತಿಕೀಟ ಹರೀಲೇನು?"

ಬಾಜೂ ಕೂತ ಹೆಂಗಸು ನಕ್ಕಳು. ಶೀತಲಳೂ ನಕ್ಕಳು. ನಕ್ಕದ್ದು ತಾನೇ ಎಂದು ತಿಳಿದು ಕಿಟಕಿಯ ಕಡೆ ತಿರುಗಿಕೊಂಡಳು. ಖಾನಾಪುರದಲ್ಲಿ ಇಳಿದು ಹಲಸಿಯ ಬಸ್ಸು ಹಿಡಿದಳು.

ಶಿವಲಿಂಗವ್ವ ಮನೆಯ ಹಿಂದೆ ಗುಣಿ ತೋಡಿ, ಗೊಬ್ಬರ ತುಂಬಿ ಇಟ್ಟಿದ್ದಳು. ಪ್ಯಾಕೇಟ್ ಬೀಜಕ್ಕೋ ಏನೋ. ಬುಟ್ಟಿ ನೋಡಿದ್ದೇ ಅವಳ ಮುಖ ಅರಳಿತು. ಆ ಮುಖ ನೋಡಿದಾಗ ಶೀತಲಳ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಇವು ನಿಮ್ಮವೋ ಅಲ್ಲೋ ನನಗ ಗೊತ್ತಿಲ್ರಿ." ಒಲೆಯದು, ಬೂದಿಯದು, ಕೋಸಂಬರಿಯದು, ಎಲ್ಲ ಹೇಳಿದಳು.

ಮುದುಕಿ ಒಂದು ಎಲೆ ಹಿಸುಕಿ ಮೂಸಿದಳು. "ನೀವು ದೊಡ್ಡ ಸಾಲಿ ಕಲ್ತೀರಿ ಅಂತಿದ್ರು ಮಾಸ್ತರ. ನಿಮಗ ತಿಳಿಯಂಗಿಲ್ಲೇನು?"

"ಇಲ್ರಿ."

"ನನಗೂ ಇಲ್ಲ." ಇನ್ನೊಮ್ಮೆ ಮೂಸಿದಳು. "ಬಿಳಿ ಕಾಯಿ ಬಿಟ್ರ ನಮ್ಮವು. ಹಸರ ಬಿಟ್ರ ಕೋಸಂಬ್ರಿ. ಹಸರ ಕಂಡದ್ದನ್ನ ಕಿತ್ತ ಒಗದ್ರಾತು."

"ಅಷ್ಟರಾಗ ಹೂವಿನ ಮ್ಯಾಲೆ ಹುಳಾ ಕುಂತು ಎರಡೂ ಕೂಡಿರ್ತಾವ್ರಿ. ಬೀಜ ಬೆರಕಿ ಆಗತಾವು."

"ಅಯ್ಯ, ಹುಳಕ್ಕ ಯಾರ ಹೇಳಾವ್ರವ್ವ?" ಎಂದು ಶಿವಲಿಂಗವ್ವ ಗುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ತಾ ಇಲ್ಲೆ. ದೂರ ದೂರ ಹಚ್ಚೂಣು."

"ಎರಡ ಹಿಡಿ ಕೊಡಬೇಕಿತ್ರಿ. ಇವು ಏಳ ಅದಾವು."

"ಏಳ ತಾ."

ಶೀತಲ ಒಂದೊಂದೇ ಪಾಕೀಟು ಸೀಳಿ ಸಸಿ ಕೊಟ್ಟಳು. ಮುದುಕಿ ಒಂದೊಂದು ಗುಣಿಗೂ ಸರಿದು ಕೂತು ನೆಟ್ಟಳು. ಕೊನೆಯದರ ಮಣ್ಣು ಕೈಯಲ್ಲೇ ಉದುರಿಹೋಯಿತು. ಬರಿ ಬೇರು, ಬೆರಳಿಗೆಲ್ಲ ಬೂದಿ. ಶಿವಲಿಂಗವ್ವ ಹಿಡಿದುಕೊಂಡ ಮೇಲೂ ಶೀತಲ ಬಿಟ್ಟಿರಲಿಲ್ಲ.

"ಬಿಡ್ರೆವ್ವಾ," ಎಂದಳು ಮುದುಕಿ. "ಬೇರ ಹರೀತಾವು."

ಶೀತಲ ಬೆರಳು ಸಡಿಲಿಸಿದಳು.