ಅವ್ವನ ಒರಳಿಗೆ ಪಾಲಿಶ್

ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಎಲೆಯಡಿಕೆ ಕೂಡ ಇಲ್ಲ. ಅದಕ್ಕೇ ನೆಂಟರೆಲ್ಲ ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಒಬ್ಬರೂ ನಮ್ಮ ಹಿತ್ತಿಲಿಗೆ ಕಾಲಿಟ್ಟು ನೋಡಿಲ್ಲ. ನನ್ನ ಗಂಡನಿಗಿರುವುದು ಕಲ್ಲಿನ ಚಟ.

ಮಲ್ಲಿಕಾರ್ಜುನ್ ಅಂದರೆ ಶಿಕಾರಿಪುರದ ರೈತರಿಗೆಲ್ಲ ಗೊತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ಎರಡು ವರ್ಷದ ಹಿಂದೆ ಫೋನಿನಲ್ಲಿ ಯಾರೋ ಒಬ್ಬ ಬಿಳಿಯ ಮುದುಕ ಕಲ್ಲುಗಳನ್ನು ಡ್ರಮ್ಮಿನಲ್ಲಿ ಹಾಕಿ ತಿರುಗಿಸಿ ಹೊಳೆಯಿಸುವುದನ್ನು ನೋಡಿದರು. ಮಾರನೆಯ ದಿನ ನನ್ನ ವೆಟ್ ಗ್ರೈಂಡರಿನ ಮೋಟಾರು ಕಾಣೆಯಾಯಿತು. ಅದರ ಮಾರನೆಯ ದಿನ ಹಿತ್ತಿಲಿನಲ್ಲಿ ಒಂದು ಡ್ರಮ್ಮು ಗಡಗಡ ಎನ್ನತೊಡಗಿತು. ಒಳಗೆ ಕುಮುದ್ವತಿ ಹೊಳೆಯ ಕಲ್ಲು, ಒಂದಿಷ್ಟು ನೀರು, ಕಲ್ಲನ್ನು ತಿನ್ನುವ ಗಡಸು ಪುಡಿ. ಒಂದು ವಾರ ಒರಟು ಪುಡಿ, ಇನ್ನೊಂದು ವಾರ ಸಣ್ಣ ಪುಡಿ, ಹೀಗೆ ಒಂದು ತಿಂಗಳು ಹಗಲೂ ರಾತ್ರಿ ಅದು ತಿರುಗಬೇಕು. ಪಕ್ಕದ ಮನೆಯ ಶಕುಂತಲಮ್ಮ ಕಾಂಪೌಂಡಿನಾಚೆಯಿಂದ, "ಹಿಟ್ಟಿನ ಗಿರಣಿ ಹಾಕೀರೇನ್ರೀ?" ಎಂದು ಕೇಳಿದರು. ತಿಂಗಳ ಕೊನೆಗೆ ಡ್ರಮ್ಮು ತೆರೆದಾಗ ನೆಲ್ಲಿಕಾಯಿ ಗಾತ್ರದ ಹದಿನೆಂಟು ಕಲ್ಲು ಹೊರಬಂದವು. ಹೊಳೆಯುತ್ತಿದ್ದವು, ಇಲ್ಲವೆನ್ನುವುದಿಲ್ಲ.

ಇದನ್ನೆಲ್ಲ ನಾನು ಸೊರಬದಲ್ಲಿದ್ದ ಅವ್ವನಿಗೆ ಫೋನಿನಲ್ಲಿ ದಿನಾ ವರದಿ ಒಪ್ಪಿಸುತ್ತಿದ್ದೆ.

"ಏನ್ ಮಾಡ್ತಾ ಅದಾರೆ ನಮ್ಮ ಅಳಿಯಂದ್ರು?"

"ಕಲ್ಲಿಗೆ ಸ್ನಾನ ಮಾಡಿಸ್ತಾ ಅದಾರವ್ವ. ಸೋಪು ಹಾಕಿ."

ಅವ್ವ ನಗುತ್ತಿದ್ದಳು. ಅವ್ವ ನಕ್ಕರೆ ನನಗೆ ಇನ್ನಷ್ಟು ಹುರುಪು. ಇದು ಇವತ್ತಿನ ಅಭ್ಯಾಸವಲ್ಲ. ಮದುವೆಯಾದ ಹೊಸದರಲ್ಲಿ ಅವರು ಅವ್ವನ ಕೆಟ್ಟ ರೇಡಿಯೋ ಬಿಚ್ಚಿ ಜೋಡಿಸಿದ್ದರು. ಎರಡು ಸ್ಕ್ರೂ ಉಳಿದಿದ್ದವು. ರೇಡಿಯೋ ಆಮೇಲೆ ಒಂಬತ್ತು ವರ್ಷ ಹಾಡಿತು. ಆದರೆ ನಾನು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿದ್ದು ಆ ಎರಡು ಸ್ಕ್ರೂಗಳ ಕಥೆಯನ್ನೇ.

ಹೋದ ವರ್ಷ ಲಾರಿ ಓಡಿಸುವ ಉದಯ ತಮಿಳುನಾಡಿನ ಕಡೆಯಿಂದ ಬರುವಾಗ ಒಂದು ಕಲ್ಲು ತಂದುಕೊಟ್ಟ. ಸುಣ್ಣದ ಕಲ್ಲಿನ ಗಣಿಯ ಹತ್ತಿರ ಬಿದ್ದಿತ್ತಂತೆ. ಕುಂಬಳಕಾಯಿ ಗಾತ್ರ, ಮೈತುಂಬ ತೂತು. ಇವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಬಂದರು.

"ಇದು ಹವಳ ಕಣೇ ವಾಣಿ. ಕೋಟಿಗಟ್ಟಲೆ ವರ್ಷದ ಹಿಂದೆ ಸಮುದ್ರದಾಗೆ ಜೀವ ಇದ್ದದ್ದು. ಈಗ ಕಲ್ಲಾಗೈತಿ."

"ಹವಳದ ಸರ ಮಾಡಿಸಿಕೊಡ್ರಿ ಅಂತ ಹತ್ತು ವರ್ಷದಿಂದ ಕೇಳ್ತಾ ಇದ್ದೆ. ಕಡೆಗೂ ತಂದ್ರಲ್ಲ. ಕೊರಳಿಗೆ ಕಟ್ಟಿಕೊಂಡ್ರೆ ಕೆರೆಗೆ ಹಾರಾಕೆ ಅನುಕೂಲ."

ಅವರು ನಗಲಿಲ್ಲ. ಕಲ್ಲಿನ ವಿಷಯ ಬಂದರೆ ಅವರಿಗೆ ತಮಾಷೆ ಕೇಳಿಸುವುದೇ ಇಲ್ಲ. ಕಲ್ಲು ಡ್ರಮ್ಮಿಗೆ ಹಿಡಿಸುವಂತಿರಲಿಲ್ಲ, ಹಿಡಿಸಿದ್ದರೂ ಮೆತ್ತಗಿನ ಈ ಹವಳವನ್ನು ಹೊಳೆಯ ಗಟ್ಟಿ ಕಲ್ಲುಗಳು ತಿಂದು ಹಾಕುತ್ತಿದ್ದವಂತೆ. ಅದಕ್ಕೆ ಕೈಯಲ್ಲೇ ತಿಕ್ಕಲು ಕುಳಿತರು. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ನೀರು ಚಿಮುಕಿಸುತ್ತ, ಪಾಲಿಶ್ ಪೇಪರಿನಿಂದ ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. ಬಳ್ಳಿಗಾವಿ ಗುಡಿಯ ಕಂಬಗಳನ್ನು ಮೋಟಾರಿಲ್ಲದ ಕಾಲದಲ್ಲೇ ಕನ್ನಡಿ ಮಾಡಿದ್ದಾರೆ, ನನಗೆ ಕುಂಬಳಕಾಯಿಯಷ್ಟು ಆಗುವುದಿಲ್ಲವೇ ಎನ್ನುವುದು ಅವರ ವಾದ. ಎರಡು ತಿಂಗಳ ಮೇಲೆ ಕಲ್ಲಿನ ಮೈಯಲ್ಲಿ ಹೂಗಳು ಎದ್ದವು. ಬೆಂಡೆಕಾಯಿಯನ್ನು ಅಡ್ಡಕ್ಕೆ ಕುಯ್ದರೆ ಕಾಣುತ್ತದಲ್ಲ, ಅಂಥ ಸಣ್ಣ ಸಣ್ಣ ಹೂಗಳು, ಒಂದರ ಪಕ್ಕ ಒಂದು, ಲೆಕ್ಕವಿಲ್ಲದಷ್ಟು. ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಹೇಳಲಿಲ್ಲ.

ಯುಗಾದಿಗೆಂದು ಬಂದ ಅವ್ವ ಆ ಹವಳದ ಮೇಲೆ ಕೈಯಾಡಿಸಿದಳು. ಸುಮಾರು ಹೊತ್ತು ಆಡಿಸಿ, "ಕಲ್ಲು ಅಂದ್ರೆ ಹಿಂಗಿರಬೇಕು ನೋಡು" ಎಂದಳು. ಅಷ್ಟೇ. ಅಳಿಯನಾದ ಮೇಲೆ ಅವ್ವನ ಬಾಯಿಂದ ಅವರು ಕೇಳಿದ ಮೊದಲ ಹೊಗಳಿಕೆ ಅದು. ಆ ಮಾತು ನೇರ ಅವರ ತಲೆಗೇರಿತು. ಮುಂದಿನದೆಲ್ಲ ಅದರಿಂದಲೇ ಆದದ್ದು.

ಆ ಹೊತ್ತಿಗೆ ಸೊರಬದಲ್ಲಿ ನನ್ನ ತಮ್ಮ ಮಾಲತೇಶ ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸುತ್ತಿದ್ದ. ಹೊಸ ಅಡುಗೆಮನೆಗೆ ಗ್ರಾನೈಟು, ಚಿಮಣಿ ಎಲ್ಲ ಬಂದವು. ಅವ್ವನ ಒರಳುಕಲ್ಲಿಗೆ ಮಾತ್ರ ಜಾಗ ಬರಲಿಲ್ಲ. ಆ ಒರಳು ಅವ್ವನ ಅತ್ತೆಯ ಕಾಲದ್ದು. ಮನೆಯಲ್ಲಿ ಎರಡು ಮಿಕ್ಸಿ ಇದ್ದರೂ ಅವ್ವ ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಚಟ್ನಿ ರುಬ್ಬಿದರೇನೇ ಅವಳಿಗೆ ದಿನ ಶುರುವಾದಂತೆ.

"ಒರಳು ಎಲ್ಲೋ ನಾನೂ ಅಲ್ಲೇ" ಎಂದುಬಿಟ್ಟಳು ಅವ್ವ. "ಬೇಡ ಅನ್ನೋದಾದ್ರೆ ಹೇಳ್ರಿ. ನಾನು ವಾಣಿ ಮನೇಗೆ ಹೋಗ್ತೀನಿ."

ತಮ್ಮನ ಹೆಂಡತಿ ಶರಣ್ಯ ಕೆಟ್ಟವಳಲ್ಲ. ಓರಣದವಳು. ಯೋಚಿಸಿ ಒಂದು ದಾರಿ ಹೇಳಿದಳು: "ಹಿಂದಿನ ಜಗಲೀಲಿ ಒಂದು ಮೂಲೆ ಬಿಡ್ತೀನಿ ಅತ್ತೆ. ನೀವು ರುಬ್ಬೋದಾದ್ರೆ ಇರ್ಲಿ. ಸುಮ್ನೆ ಧೂಳು ತಿಂತಾ ಕೂರೋದಾದ್ರೆ ಬೇಡ." ಅವ್ವ ಒಪ್ಪಿದಳು. ಮನೆ ಮುಗಿಯುವ ತನಕ ಒರಳು ನಮ್ಮಲ್ಲಿರಲಿ ಎಂದು ತೀರ್ಮಾನವಾಗಿ, ಅದು ಗೂಡ್ಸ್ ಆಟೋದಲ್ಲಿ ಶಿಕಾರಿಪುರಕ್ಕೆ ಬಂತು. ಹಿತ್ತಿಲಿನಲ್ಲಿ ಜಾಗವಿಲ್ಲ, ನಿಮ್ಮ ಕಲ್ಲುಗಳೇ ತುಂಬಿವೆ, ಅಂಗಡಿಯಲ್ಲಿಟ್ಟುಕೊಳ್ಳಿ ಎಂದವಳು ನಾನೇ. ಆ ಮಾತಿಗೆ ಈಗಲೂ ನನ್ನ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಗೃಹಪ್ರವೇಶದ ದಿನ ಪೂಜೆ ಮುಗಿದ ಮೇಲೆ ಇವರು ನಾಲ್ಕು ಜನರ ಕೈಯಲ್ಲಿ ಒರಳನ್ನು ಆಟೋದಿಂದ ಇಳಿಸಿದರು. ಮೇಲೆ ಹೊಸ ಬೆಡ್‌ಶೀಟ್ ಸುತ್ತಿತ್ತು. ಮದುಮಗಳ ಮುಖ ತೋರಿಸುವವರ ಹಾಗೆ ಅದನ್ನು ಸರಿಸಿದರು.

ಒರಳು ಕನ್ನಡಿಯಾಗಿತ್ತು. ಹೊರಗೂ ಕನ್ನಡಿ, ಒಳಗಿನ ಗುಂಡಿಯೂ ಕನ್ನಡಿ, ರುಬ್ಬುವ ಗುಂಡುಕಲ್ಲೂ ಕನ್ನಡಿ. ಕರಿಕಲ್ಲಿನೊಳಗೆ ಬಾಗಿಲ ತೋರಣ ಎಲೆ ಎಲೆಯಾಗಿ ಕಾಣುತ್ತಿತ್ತು. ನೆಂಟರು ಸುತ್ತ ಸೇರಿದರು. ಕೆಲವರು ಅದರಲ್ಲಿ ಮುಖ ನೋಡಿಕೊಂಡು ತಲೆ ಸರಿಮಾಡಿಕೊಂಡರು.

"ಅಣ್ಣ, ಎಷ್ಟು ಚಂದ ಮಾಡೀರಿ" ಎಂದಳು ಶರಣ್ಯ. "ಇದನ್ನ ಜಗಲೀಲಿ ಯಾಕೆ ಇಡೋದು? ಹಾಲ್‌ನಾಗೆ ಟಿವಿ ಪಕ್ಕ ಇಡಾಣ. ಮೇಲೊಂದು ಹೂವಿನ ಕುಂಡ."

ನನ್ನ ಗಂಡ ಅವ್ವನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆ ಬರೆದ ಹುಡುಗರು ಫಲಿತಾಂಶದ ದಿನ ನಿಲ್ಲುವ ಹಾಗೆ ನಿಂತಿದ್ದರು.

ಅವ್ವ ಹೊಸ ಮನೆಯಲ್ಲಿ ಮೊದಲ ಸಲ ರುಬ್ಬಲೆಂದು ನೆನೆಸಿಟ್ಟಿದ್ದ ಅಕ್ಕಿಯನ್ನು ಒಂದು ಹಿಡಿ ತಂದು ಒರಳಿಗೆ ಹಾಕಿದಳು. ಕಾಲು ಮಡಚಿ ಕೂತು ಗುಂಡು ತಿರುಗಿಸಿದಳು. ಅಕ್ಕಿ ಪ್ರದಕ್ಷಿಣೆ ಹಾಕಿತು. ಇನ್ನೊಂದು ಸುತ್ತು ತಿರುಗಿಸಿದಳು, ಮತ್ತೊಂದು ಪ್ರದಕ್ಷಿಣೆ. ಅವ್ವ ಒಂದು ಕಾಳು ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದಳು. ಇಡೀ ಕಾಳು, ಮೂಗು ಕೂಡ ಮುರಿದಿರಲಿಲ್ಲ.

"ಜಾರ್ತೈತೆ" ಎಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ತನ್ನ ಕೋಣೆಗೆ ಹೋದಳು.

ಒರಳು ರುಬ್ಬದಿದ್ದರೆ ಜಗಲಿಯ ಮೂಲೆಯೂ ಇಲ್ಲ, ಮಾತು ಹಾಗೇ ಆಗಿತ್ತು. ತಾನು ಅರವತ್ತು ವರ್ಷ ಕೂತ ಕಲ್ಲು ಹೂವಿನ ಕುಂಡ ಹೊರುವುದನ್ನು ನೋಡಿಕೊಂಡು ಅವ್ವ ಈ ಮನೆಯಲ್ಲಿ ಇರುವವಳಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇವರನ್ನು ಹಿತ್ತಿಲಿಗೆ ಕರೆದು ಬಾಯಿ ತೆರೆದೆ.

"ಬಿಡು ವಾಣಿ. ತಪ್ಪಾತು" ಎಂದರು. "ಹೊಳಪು ಒಂದನ್ನೇ ನೋಡಿದೆ. ಅದು ಕೆಲಸ ಮಾಡೋ ಕಲ್ಲು ಅನ್ನೋದು ತಲೆಗೇ ಹೋಗ್ಲಿಲ್ಲ."

ಬೈಯಲು ಬಂದವಳಿಗೆ ಎದುರಿನವರು ಹೀಗೆ ಒಪ್ಪಿಕೊಂಡುಬಿಟ್ಟರೆ ಬಹಳ ಕಷ್ಟ. ಅವರು ಮಾಲತೇಶನ ಬೈಕು ತೆಗೆದುಕೊಂಡು ಹೋಗಿ ಹೂವಪ್ಪನನ್ನು ಕರೆತಂದರು. ಹಿಂದೆಲ್ಲ ಹೂವಪ್ಪ ಉಳಿ ಸುತ್ತಿಗೆ ಹಿಡಿದು ಸೊರಬದ ಬೀದಿಗಳಲ್ಲಿ ತಿರುಗುತ್ತಿದ್ದ. ಸವೆದ ಒರಳಿಗೆ, ಬೀಸುವ ಕಲ್ಲಿಗೆ ಉಳಿಯಿಂದ ಕುಟ್ಟಿ ಮತ್ತೆ ತರಿ ಎಬ್ಬಿಸುವುದು ಅವನ ಕೆಲಸ. ಮಿಕ್ಸಿ ಬಂದ ಮೇಲೆ ಯಾರೂ ಕರೆಯುವುದಿಲ್ಲ. ಈಗ ಅವನಿಗೂ ವಯಸ್ಸಾಗಿದೆ.

ಹೂವಪ್ಪ ಒರಳಿನೊಳಗೆ ಬೆರಳಾಡಿಸಿ ತಲೆಯಾಡಿಸಿದ. "ಒರಳಿಗೆ ಹಲ್ಲಿರಬೇಕು ಸ್ವಾಮಿ. ನೀವು ಹಲ್ಲೆಲ್ಲ ಕಿತ್ತು ಬೊಚ್ಚುಬಾಯಿ ಮಾಡೀರಿ. ಎಷ್ಟು ದಿನ ತಗಂತು?"

"ನಲವತ್ತು ದಿನ" ಎಂದರು ಇವರು.

"ಭಾರಿ ಶ್ರದ್ಧೆ ನಿಮ್ಮದು" ಎಂದ ಹೂವಪ್ಪ. ಹೊಗಳಿದನೋ ಬೈದನೋ ತಿಳಿಯಲಿಲ್ಲ. "ನನ್ನ ಕೈ ನಡುಗ್ತಾವೆ. ನಾನು ಹೇಳ್ತೀನಿ, ನೀವು ಹೊಡೀರಿ."

ನನ್ನ ಗಂಡ ಹೊಸ ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿ ಕೂತರು. ಮುಂದೆ ನೆಂಟರು ಹೋಳಿಗೆ ಊಟ ಮಾಡುತ್ತಿದ್ದರೆ ಹಿಂದೆ ಜಗಲಿಯಲ್ಲಿ ಟಣ್ ಟಣ್ ಶುರುವಾಯಿತು. ಒಂದೊಂದು ಏಟಿಗೂ ಆ ಕನ್ನಡಿಯಲ್ಲಿ ಒಂದೊಂದು ಬಿಳಿ ಚುಕ್ಕೆ ಬೀಳುತ್ತಿತ್ತು. ತಾವೇ ತಿಕ್ಕಿ ತಿಕ್ಕಿ ತಂದ ಹೊಳಪನ್ನು ತಾವೇ ಚುಕ್ಕೆ ಚುಕ್ಕೆಯಾಗಿ ಹಾಳುಮಾಡುತ್ತಿದ್ದರು, ಮುಖ ಸಿಂಡರಿಸದೆ, ಒಂದು ಏಟೂ ಅವಸರ ಮಾಡದೆ. ಶರಣ್ಯ ಮಜ್ಜಿಗೆ ತಂದಿಟ್ಟು ಎರಡು ನಿಮಿಷ ನಿಂತು ನೋಡಿದಳು. ಆಮೇಲೆ ತಾನೇ ಜಗಲಿಯ ಮೂಲೆಯಲ್ಲಿದ್ದ ಕುರ್ಚಿಗಳನ್ನು ತೆಗೆಸಿದಳು.

ಮೂರು ಗಂಟೆಯ ಹೊತ್ತಿಗೆ ಮುಗಿಯಿತು. ಮೊದಲ ಹಿಡಿ ಅಕ್ಕಿ ಕಲ್ಲುಪುಡಿಯ ಸಮೇತ ರುಬ್ಬಿ ಚೆಲ್ಲಿದರು. ಹೂವಪ್ಪನೇ ಕೋಣೆಯ ಬಾಗಿಲಿಗೆ ಹೋಗಿ, "ವರದಮ್ಮಾರೇ, ಬಂದು ಒಂದು ಸುತ್ತು ನೋಡ್ರಿ" ಎಂದು ಕರೆದ. ಅವ್ವ ಬಂದು ಕೂತಳು. ಅಕ್ಕಿ ಹಾಕಿದಳು, ನೀರು ಚಿಮುಕಿಸಿದಳು, ತಿರುಗಿಸಿದಳು. ನಾಲ್ಕನೆಯ ಸುತ್ತಿಗೆ ಅಂಚಿನಲ್ಲಿ ಹಾಲಿನಂಥ ಹಿಟ್ಟು ಏರಿತು. ಅವ್ವ ಬೆರಳಲ್ಲಿ ತೆಗೆದು ಉಜ್ಜಿ ನೋಡಿದಳು.

"ಹಿಡೀತು" ಎಂದಳು.

ಇವರು ಆಗಲೇ ಎದ್ದು ನಲ್ಲಿಯ ಹತ್ತಿರ ಹೋಗಿದ್ದರು. ಅವ್ವ ರುಬ್ಬುತ್ತಲೇ ನನ್ನ ಕಡೆ ತಿರುಗಿದಳು.

"ಏಟು ಎಲ್ಲ ಸಮ ಬಿದ್ದಾವೆ. ಇಷ್ಟು ಕಸುಬುಗಾರ ಅಂತ ನನಗೆ ಗೊತ್ತೇ ಇರಲಿಲ್ಲ. ನೀನು ಇಷ್ಟು ವರ್ಷದಾಗೆ ಒಂದು ದಿನಾನೂ ಹೇಳಲಿಲ್ಲ."

ನನಗೆ ಮುಖ ಬಿಸಿಯಾಯಿತು. ನಾನು ತವರಿಗೆ ಹೊತ್ತು ತಂದಿದ್ದೆಲ್ಲ ಅವ್ವನನ್ನು ನಗಿಸುವ ಕಥೆಗಳು. ಆ ನಗುವಿನಲ್ಲೇ ಅವ್ವ ಅಳಿಯನನ್ನು ಅಳೆದುಬಿಟ್ಟಿದ್ದಳು. ಅಳತೆಗೋಲು ಕೊಟ್ಟವಳು ನಾನು.

"ಅವರು ಕೈ ಹಾಕಿದ ಕೆಲಸ ಯಾವತ್ತೂ ಕೆಟ್ಟಿಲ್ಲವ್ವ" ಎಂದೆ.

"ಸುಳ್ಳು" ಎಂದಳು ಅವ್ವ, ಒರಳು ತಿರುಗಿಸುತ್ತ. "ಆದ್ರೂ ಪರವಾಗಿಲ್ಲ. ನನ್ನ ಹತ್ರ ಹೇಳಿದ್ರೆ ಏನು ಬಂತು? ಹೋಗಿ ಅವರಿಗೆ ಹೇಳು."

ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದುಕೊಂಡು ಹೋದೆ. ಅವರು ಬೊಬ್ಬೆ ಎದ್ದ ಅಂಗೈಗಳನ್ನು ನಲ್ಲಿಯ ಕೆಳಗೆ ಒಡ್ಡಿ ನಿಂತಿದ್ದರು. ಎಣ್ಣೆ ಹಚ್ಚುತ್ತ, ತಲೆ ಎತ್ತದೆ, ಹೇಳಿದೆ. ಒರಳಿನ ಏಟು ಎಲ್ಲ ಸಮ ಬಿದ್ದಿವೆ ಎಂದು ಹೇಳಿದೆ, ಹವಳದ ಹೂಗಳನ್ನು ನೋಡಿ ನನಗೆ ಸಂತೋಷವಾಗಿತ್ತು ಎಂದೂ ಹೇಳಿದೆ.

ಅವರು ಕೈ ಹಿಂದಕ್ಕೆಳೆದುಕೊಂಡು ಅನುಮಾನದಿಂದ ನನ್ನ ಮುಖ ನೋಡಿದರು.

"ಏನು ಬೇಕಾಗಿತ್ತು?" ಎಂದು ಕೇಳಿದರು.